ಕಬ್ಬಿಣಕ್ಕೂ ಕೂಗುವ ಯಂತ್ರ

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹಿರೇಹಡಗಲಿ ಠಾಣೆಗೆ ಬಂದ ಕ್ರಾಂತಿಕುಮಾರ್ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದ. ಹೊಳಲಿನ ಬಾಡಿಗೆ ಮನೆಯಿಂದ ಅವನ ಹಳೆಯ ಲೋಹಶೋಧಕ ಯಂತ್ರ ಕಳುವಾಗಿತ್ತು. ಪರವಾನಗಿ ಪಡೆದು ಗುಡ್ಡಗಳಲ್ಲಿ ಚಿನ್ನದ ಕುರುಹು ಹುಡುಕುವುದು ಅವನ ಕೆಲಸ. ಏಳಕ್ಕೆ ಬರೀ ಚಿಲಕ ಹಾಕಿ ತಿಂಡಿಗೆ ಹೋದವನು ಅರ್ಧ ಗಂಟೆಯಲ್ಲಿ ವಾಪಸಾದಾಗ ಯಂತ್ರವಿರಲಿಲ್ಲ.

ಪಿಎಸ್‌ಐ ಶಾಂತಕುಮಾರಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಬೀರಲಿಂಗೇಶನೊಂದಿಗೆ ಸ್ಥಳಕ್ಕೆ ಹೋದಳು. ಮೂಲೆಯಲ್ಲಿ ಇನ್ನೊಂದು ಯಂತ್ರ, ಹೊಚ್ಚ ಹೊಸದು, ಹಾಗೇ ನಿಂತಿತ್ತು.

“ಹೊಸದು ಬಿಟ್ಟು ಹಳೇದು ಯಾಕ ಒಯ್ದಾನ?”

“ಅದೇ ಗೊತ್ತಾಗವಲ್ದು ಮೇಡಂ.”

“ಎರಡಕ್ಕೂ ಏನು ಫರಕು?”

ಕ್ರಾಂತಿಕುಮಾರ್‌ಗೆ ಹುರುಪು ಬಂತು. ಕೋಲಿನ ತುದಿಯ ತಂತಿಸುರುಳಿಯನ್ನು ಮುಟ್ಟಿ ತೋರಿಸಿದ. “ಇದರಾಗ ಕರೆಂಟ್ ಹರಿದ್ರ ನೆಲದೊಳಗ ಅಯಸ್ಕಾಂತದ ಅಲೆ ಇಳಿತಾವ್ರಿ. ಅಲ್ಲಿ ಲೋಹ ಇದ್ರ ಅದು ತಿರುಗಿ ಮಾರುತ್ತರ ಕೊಡ್ತೈತಿ. ಹೊಸದು ಕಬ್ಬಿಣ ಯಾವುದು, ಚಿನ್ನ ಯಾವುದು ಹೇಳ್ತೈತಿ. ಆದ್ರ ನಮ್ಮ ಕೆಂಪು ಮಣ್ಣಾಗೇ ಕಬ್ಬಿಣದ ಅಂಶ ಐತಲ್ರಿ, ಸುಮ್ಮಸುಮ್ಮನ ಕೂಗ್ತೈತಿ. ಹಳೇದು ಬಿಟ್ಟು ಬಿಟ್ಟು ಕರೆಂಟ್ ತಟ್ಟಿ ಕೇಳೋ ನಮೂನಿ. ಮಣ್ಣಿಗೆ ಸೊಪ್ಪು ಹಾಕಂಗಿಲ್ಲ, ಆಳಕ್ಕ ಹೋಗ್ತೈತಿ. ಆದ್ರ ಮೊಳಿಗೂ ಕೂಗ್ತೈತಿ. ಗುಡ್ಡಕ್ಕ ಹಳೇದು, ಊರ ಹತ್ರ ಹೊಸದು. ನಾನು ಹಂಗ ಆರಿಸ್ಕೊಂತೀನಿ.”

“ಇದನ್ನ ಯಾರಿಗಾರ ಹೇಳಿದ್ರೇನು?”

“ಗುರುವಾರ ಚಾದಂಗಡಿ ಮುಂದ ಹತ್ತು ಮಂದಿಗೆ ತೋರಿಸಿದ್ನಿ. ಎಲ್ಲಾರೂ ನಿಧಿ ಸಿಗತೈತೇನು ಅಂತ ಕೇಳಿದ್ರು. ಒಬ್ಬ ಅಜ್ಜ ಮಾತ್ರ, ಕಬ್ಬಿಣ ಎಷ್ಟು ಆಳದಾಗಿದ್ರೂ ಕೂಗತೈತೇನು ಅಂದ.”

“ಹೆಂಗಿದ್ದ?”

“ಬಿಳಿ ಮೀಸಿ. ಕೈಯಾಗ ಉದ್ದನೆಯ ಕಬ್ಬಿಣದ ಕೀಲಿ.”

ಹೊಳಲಿನವನೇ ಆದ ಬೀರಲಿಂಗೇಶ್ ಹಣೆ ಚಚ್ಚಿಕೊಂಡ. “ಗಾದಿಲಿಂಗಜ್ಜ! ಮೂವತ್ತೊಂದು ವರ್ಷ ನೀರುಗಂಟಿ ಆಗಿದ್ದ ಮೇಡಂ. ನೀರಿನ ವಾಲ್ ತಿರುವೋ ಕೀಲಿ ಇನ್ನೂ ಬಿಟ್ಟಿಲ್ಲ.”

ಹನ್ನೊಂದೂ ಕಾಲಿಗೆ ಮೂವರೂ ಅಜ್ಜನ ಮನೆ ಮುಟ್ಟಿದರು. ಹೆಂಡತಿ ಹಂಪಕ್ಕ ಹೊಸ್ತಿಲಲ್ಲಿ ಖಾಲಿ ಕೊಡಗಳ ನಡುವೆ ಕೂತಿದ್ದಳು. ಕೆಳಗೇರಿಗೆ ನೀರು ಬಂದು ಹತ್ತೊಂಬತ್ತು ದಿನವಾಗಿತ್ತು. ರಸ್ತೆಗೆ ಹೊಸದಾಗಿ ಗರಸು ಮಣ್ಣು ಹಾಕಿದಾಗ ಆ ಕೇರಿಗೆ ನೀರು ಬಿಡುವ ವಾಲ್ ಅದರಡಿ ಹೋಗಿತ್ತು. ಅದು ಎಲ್ಲಿದೆ ಎಂದು ಬಲ್ಲವನು ಗಾದಿಲಿಂಗಜ್ಜ ಒಬ್ಬನೇ.

“ನಾಳಿ ತೋರಸ್ತೀನಿ ಅಂತ ದಿನಾ ಹೇಳ್ತಾನ. ಮುಂಜಾನಿ ಏನೋ ದುಪ್ಪಟಿಯಾಗ ಸುತ್ಕೊಂಡು ಆ ಕಡಿ ಹೋಗ್ಯಾನ ನೋಡವ್ವ.”

ರಸ್ತೆಯ ತಿರುವಿನಲ್ಲಿ ಅಜ್ಜ ಸಿಕ್ಕ. ತಲೆಗೆ ಹೆಡ್‌ಫೋನ್, ಕೈಯಲ್ಲಿ ಯಂತ್ರ. ಗರಸಿನ ಮೇಲೆ ಅದನ್ನು ಕಸಬರಿಗೆಯಂತೆ ಬೀಸುತ್ತಿದ್ದ. ಶಾಂತಕುಮಾರಿ ನಗು ನುಂಗಿದಳು.

“ಅಜ್ಜಾ, ಯಂತ್ರ ಯಾರದು?”

“ಆ ಸಾಹೇಬ್ರದು. ನಾನೇ ತಂದೀನಿ. ಕೊಡತೀನವ್ವ, ಐದು ನಿಮಿಷ ತಡಿ.”

ಆ ಐದು ನಿಮಿಷ ಕೊಡುವಂತಿರಲಿಲ್ಲ. ಅವಳು ಇಬ್ಬರು ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಶುರು ಮಾಡಿಸಿದಳು. ಒಂದು ಸಾಲು ಬರೆದು ನಿಲ್ಲಿಸಿ, ಕ್ರಾಂತಿಕುಮಾರ್ ಕಡೆ ನೋಡಿದಳು.

“ಯಂತ್ರ ಸುಸ್ಥಿತಿಯಾಗ ಐತೋ ಇಲ್ಲೋ ಪಂಚರ ಮುಂದ ಪರೀಕ್ಷೆ ಮಾಡಬೇಕು. ಇಲ್ಲೇ ಮಾಡ್ರಿ.”

ಅವನಿಗೆ ಅರ್ಥವಾಯಿತು. ಯಂತ್ರವನ್ನು ಹೊಂದಿಸಿ ಮತ್ತೆ ಅಜ್ಜನ ಕೈಗೇ ಕೊಟ್ಟ. “ನೆಲಕ್ಕ ಹತ್ತಿಸಿ, ಮೆಲ್ಲಕ ತೂಗ್ರಿ.” ರಸ್ತೆ ಪಕ್ಕದ ಹುಣಸೆಮರದಿಂದ ಏಳು ಹೆಜ್ಜೆ ದಾಟಿದಾಗ ಯಂತ್ರ ಕೂಗಿತು. ಬೀರಲಿಂಗೇಶ್ ತಾನೇ ಗುದ್ದಲಿ ಹಿಡಿದ. ಒಂದೂವರೆ ಮೊಳದಲ್ಲಿ ಬೀಡುಕಬ್ಬಿಣದ ಮುಚ್ಚಳ ಟಣ್ ಎಂದಿತು. ಅಜ್ಜ ಕೀಲಿ ಇಳಿಸಿ ತಿರುಗಿಸಿದ. ಸ್ವಲ್ಪ ಹೊತ್ತಿನಲ್ಲೇ ಕೆಳಗೇರಿಯಿಂದ ಹೆಂಗಸರ ಕೂಗು ಕೇಳಿಸಿತು.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಠಾಣೆಯಲ್ಲಿ ಗಾದಿಲಿಂಗಜ್ಜನ ದಸ್ತಗಿರಿ ದಾಖಲಾಯಿತು. ಕ್ರಾಂತಿಕುಮಾರ್ ಜಾಮೀನಿಗೆ ತಕರಾರಿಲ್ಲವೆಂದು ಬರೆದುಕೊಟ್ಟ. ಹಡಗಲಿಯ ತಾಲ್ಲೂಕು ನ್ಯಾಯಾಲಯಕ್ಕೆ ಹೊರಡುವ ಮುನ್ನ ಶಾಂತಕುಮಾರಿ ಕೇಳಿದಳು, “ಕೇಳಿದ್ರ ಅವರೇ ಕೊಡ್ತಿದ್ರಲ್ಲ ಅಜ್ಜಾ?”

ಅಜ್ಜ ಕೀಲಿಯನ್ನು ಬೆಂಚಿನ ಮೇಲಿಟ್ಟ. “ಯಾಕ ಅಂತ ಕೇಳ್ತಿದ್ರವ್ವ. ಊರಿನ ಅಷ್ಟೂ ವಾಲ್ ಕಣ್ಣು ಮುಚ್ಚಿ ತೋರಿಸ್ತಿದ್ದವ ನಾನು. ಈ ಸಲ ನೆನಪಾಗ್ಲಿಲ್ಲ. ಮರವು ಹತ್ತೈತಿ ಅಂತ ಯಾರಿಗೆ ಹೇಳ್ಲಿ? ಮನ್ಯಾಗ ನಮ್ಮ ಹಂಪಿಗೂ ಹೇಳಿಲ್ಲ.”

ಬುತ್ತಿ ತಂದಿದ್ದ ಹಂಪಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತಳು.

“ಒಂದೇ ದಿನ ಮೂರು ಸಲ ಉಪ್ಪು ತಂದಾಗಲೇ ನನಗ ಗೊತ್ತಾತು. ನೀನಾಗೇ ಹೇಳ್ಲಿ ಅಂತ ಸುಮ್ಮನಿದ್ನಿ. ಉಣ್ಣು ಈಗ.”

ಶಾಂತಕುಮಾರಿ ಪೆನ್ನಿನ ಮುಚ್ಚಳ ಹಾಕಿ, ಜೀಪು ಹತ್ತು ನಿಮಿಷ ತಡವಾಗಿ ಹೊರಡಲಿ ಎಂದು ಬೀರಲಿಂಗೇಶನಿಗೆ ಹೇಳಿದಳು.