ಮೂರನೇ ಮಹಡಿಯ ದನಿ

ಹೇರಾನ್ ರಾಜಧಾನಿ ಸಿಯೋಲ್‌ಗೆ ಬಂದಿದ್ದು ಒಬ್ಬ ಮುದುಕನನ್ನು ನೋಡಲು.

ಎರಡು ವರ್ಷದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ತೊಂಗ್‌ಯೊಂಗ್ ಬಂದರಿನ ತನ್ನ ರಿಪೇರಿ ಅಂಗಡಿಯಿಂದ ಅವಳು ಆತನಿಗೆ ಫೋನ್ ಮಾಡುತ್ತಿದ್ದಳು. ಮೀನುದೋಣಿಗಳ ವೈರ್‌ಲೆಸ್ ಸೆಟ್‌ಗೆ ಬೇಕಾದ ಬಿಡಿಭಾಗಗಳನ್ನು ಸಿಯೋಲ್‌ನ ಸೆವೂನ್ ಆರ್ಕೇಡ್ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಕಟ್ಟಡದ ಮೂರನೇ ಮಹಡಿಯಿಂದ ಕಳಿಸುತ್ತಿದ್ದವನು ಬಾಂಗ್ ಮಾನ್‌ಹೋ. ಹೆಸರು ಹಳೆಯ ಕಾಲದ್ದು, ದನಿ ಗಡಸು, ಮಾತು ನಿಧಾನ. ಎಪ್ಪತ್ತಂತೂ ದಾಟಿರಬೇಕು ಎಂದುಕೊಂಡಿದ್ದಳು. ಟ್ರಾನ್ಸಿಸ್ಟರಿನಿಂದ ಶುರುವಾದ ಮಾತು ಮಳೆ, ಊಟ, ನಿದ್ದೆಗಳಿಗೆ ಹರಿದು ಗಂಟೆ ದಾಟುತ್ತಿತ್ತು.

ಕಳೆದ ವಾರ ಆತ, ರಿಪೇರಿಗೆ ಜನ ಬರುತ್ತಿಲ್ಲ, ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇನೆ ಎಂದ. ಹೇರಾನ್‌ಗೆ ಅಂದು ಊಟ ಸೇರಲಿಲ್ಲ. ಸಾಮಾನು ಒಟ್ಟಿಗೆ ಕೊಂಡು ತರೋಣ ಎಂದು ತನಗೆ ತಾನೇ ನೆಪ ಹೇಳಿಕೊಂಡು ಬೆಳಗಿನ ಬಸ್ ಹತ್ತಿದಳು. ಚೀಲದಲ್ಲಿ ಒಣಗಿಸಿದ ಮೀನು, ಮುದುಕನ ಮಂಡಿಗೆಂದು ಉಣ್ಣೆಯ ಪಟ್ಟಿ.

ಅಂಗಡಿಯಲ್ಲಿ ನಲವತ್ತರ ಆಸುಪಾಸಿನ ಗಂಡಸೊಬ್ಬ ತಲೆ ಬಗ್ಗಿಸಿ ಬೆಸುಗೆ ಹಾಕುತ್ತಿದ್ದ. ತಂದೆಯವರನ್ನು ಕರೆಯಿರಿ ಎಂದಳು. ಅಪ್ಪ ಊರಲ್ಲಿ ಆಲೂಗಡ್ಡೆ ಬೆಳೀತಿದ್ದಾರೆ ಎಂದ. ಅದೇ ದನಿ.

"ಬಾಂಗ್ ತಾತ... ನೀವಾ?"

ಅವನೂ ಕಣ್ಣರಳಿಸಿದ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಫೋನಿನಲ್ಲಿ ಗದರುವ ಹೆಂಗಸಿಗೆ ಕನಿಷ್ಠ ನಾಲ್ಕು ಮೊಮ್ಮಕ್ಕಳಿರಬೇಕೆಂದು ಅವನು ನಂಬಿದ್ದ. ಇಬ್ಬರೂ ಒಂಟಿ ಎಂಬುದು ಮುಂದಿನ ಹತ್ತು ನಿಮಿಷದಲ್ಲಿ, ಯಾರೂ ಕೇಳದೆಯೇ, ಹೇಗೋ ತಿಳಿಯಿತು. ಅವಳು ಚೀಲದಿಂದ ತೆಗೆದ ಮಂಡಿಪಟ್ಟಿಯನ್ನು ಅವನು ಪ್ಯಾಂಟಿನ ಮೇಲೆಯೇ ಏರಿಸಿಕೊಂಡ.

"ಅಳತೆ ಸರಿಯಾಗಿದೆ. ವಯಸ್ಸೇ ಸ್ವಲ್ಪ ಸಾಲದು."

ಅವಳಿಗೆ ಬೇಕಾಗಿದ್ದ ಹಳೆಯ ಟ್ರಾನ್ಸಿಸ್ಟರ್ ತನ್ನಲ್ಲಿಲ್ಲ, ಹುಡುಕಬೇಕು ಎಂದ. ಹುಡುಕಿದರು. ಸ್ಪೀಕರ್ ಅಂಗಡಿ, ತಂತಿ ಅಂಗಡಿ, ರೇಡಿಯೊ ನಾಬ್‌ಗಳನ್ನಷ್ಟೇ ಮಾರುವ ಅಂಗಡಿ. ಒಂದು ಕಡೆ ಕೆಟ್ಟ ಆಂಪ್ಲಿಫೈಯರ್ ಗುಂಯ್‌ಗುಡುತ್ತಿತ್ತು. ಮಾನ್‌ಹೋ ಕಣ್ಣುಮುಚ್ಚಿ ಆಲಿಸಿ, ಪೆಟ್ಟಿಗೆ ತೆರೆಯದೆಯೇ, ಇಂಥ ಕಡೆ ಬೆಸುಗೆ ಬಿಟ್ಟಿದೆ ಎಂದ. ಬಿಟ್ಟಿತ್ತು. ಸುಟ್ಟ ಕಲೆಗಳಿದ್ದ ಆ ಬೆರಳುಗಳನ್ನೇ ಅವಳು ನೋಡುತ್ತ ನಿಂತಳು. ತನ್ನ ಮಾತಿನ ನಡುವಿನ ಮೌನಗಳನ್ನೂ ಇವನು ಹೀಗೆಯೇ ಕೇಳಿಸಿಕೊಂಡಿರಬಹುದೇ ಎನಿಸಿ ಕೆನ್ನೆ ಬಿಸಿಯಾಯಿತು.

ದೀಪದಂಗಡಿಯ ಹೆಂಗಸು ಹೇರಾನ್‌ಳನ್ನು ಹತ್ತಿರ ಕರೆದಳು. "ಹದಿನೈದು ವರ್ಷ ಇವನು ತಲೆ ಎತ್ತಿದ್ದೇ ನಾನು ನೋಡಿಲ್ಲ ಕಣಮ್ಮ. ಈಗ ಮೆಲ್ಲಗೆ ಬಂದು ಕನ್ನಡಿ ಇದೆಯಾ ಅಂತಾನೆ."

ಮಾನ್‌ಹೋ ಕಿವಿ ಕೆಂಪಗೆ ಮಾಡಿಕೊಂಡು ಬಲ್ಬುಗಳನ್ನು ಎಣಿಸತೊಡಗಿದ.

ಹಸಿವಾಗಿ ಗ್ವಾಂಗ್‌ಜಾಂಗ್ ಮಾರುಕಟ್ಟೆಗೆ ನಡೆದರು. ಬೀಸುಕಲ್ಲಿನಿಂದ ಇಳಿಯುತ್ತಿದ್ದ ಹೆಸರುಹಿಟ್ಟನ್ನು ಅಜ್ಜಿಯೊಬ್ಬಳು ಎಣ್ಣೆಗೆ ಸುರಿದು ದಪ್ಪ ರೊಟ್ಟಿ ಮಾಡುತ್ತಿದ್ದಳು. ಬೆಂಚಿನಲ್ಲಿ ಜಾಗ ಕಡಿಮೆ, ಭುಜಕ್ಕೆ ಭುಜ ತಾಗಿತು. ಯಾರೂ ಸರಿಯಲಿಲ್ಲ. ಹೇರಾನ್ ಗರಿಗರಿ ಅಂಚನ್ನು ಮುರಿದು ಅವನ ತಟ್ಟೆಗಿಟ್ಟಳು. ಅವನು ತಿನ್ನದೆ ಕೂತ.

"ಒಂದು ತಪ್ಪು ಮಾಡಿದೀನಿ," ಎಂದ. "ಆ ಟ್ರಾನ್ಸಿಸ್ಟರ್ ನನ್ನ ಅಂಗಡೀಲೇ ಇದೆ. ಒಂದಲ್ಲ, ಆರು ಇವೆ."

"ಗೊತ್ತು."

"ಗೊತ್ತಾ?"

"ನಿಮ್ಮ ಬೆನ್ನ ಹಿಂದಿನ ಡ್ರಾಯರ್ ಮೇಲೇ ನಂಬರ್ ಬರ್ದಿತ್ತಲ್ಲ."

"ಮತ್ತೆ ಹನ್ನೊಂದು ಅಂಗಡಿ ಯಾಕೆ ಸುತ್ತಿದ್ರಿ?"

ಅವಳು ಅಜ್ಜಿಗೆ ಇನ್ನೊಂದು ರೊಟ್ಟಿ ಹೇಳಿದಳು.

ಊಟವಾದ ಮೇಲೆ ಊರ ನಡುವಿನ ತೊರೆಯ ದಂಡೆಯಲ್ಲಿ ಕೂತರು. ಇಂಚಿಯೊನ್‌ನ ಲಿಫ್ಟ್ ಕಂಪನಿಯೊಂದು ತನ್ನನ್ನು ಕೆಲಸಕ್ಕೆ ಕರೆದಿದೆ, ಇಂದು ಸಂಜೆಯೊಳಗೆ ಒಪ್ಪಿಗೆ ಹೇಳಬೇಕು ಎಂದ. ಗಿರಾಕಿಗಳ ಫೋನ್ ತೆಗೆದುಕೊಳ್ಳುವ ಕೆಲಸವಲ್ಲ ಅದು; ಮಂಗಳವಾರದ ಮಾತೂ ನಿಲ್ಲುತ್ತದೆ. ಹೇರಾನ್ ನೀರನ್ನೇ ನೋಡುತ್ತ ಬಂದರಿನ ದೋಣಿಗಳ ಬಗ್ಗೆ ಹೇಳಿದಳು. ಕೆಟ್ಟು ನಿಂತ ಸೆಟ್‌ಗಳು, ರಿಪೇರಿ ಮಾಡುವ ಕೈಗಳ ಕೊರತೆ.

"ನಂಗೆ ಕೆಲಸ ಕೊಡ್ತೀರಾ?"

"ಇಲ್ಲ. ಕೆಲಸ ಬಂದರಿನಲ್ಲಿ ಬೇಕಾದಷ್ಟಿದೆ, ನೀವೇ ಹುಡುಕ್ಕೊಳ್ಳಿ." ಅವಳ ದನಿ ಸಣ್ಣದಾಯಿತು. "ನಂಗೆ ವಾರಕ್ಕೊಂದು ಗಂಟೆ ನೀವು ಸಾಲ್ತಿಲ್ಲ. ಅದನ್ನ ಹೇಳೋಕ್ಕೇ ಬಂದೆ ಅನ್ಸತ್ತೆ."

ಮಾನ್‌ಹೋ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಫೋನ್ ತೆಗೆದು ಅಲ್ಲೇ ಕಂಪನಿಗೆ ಕರೆ ಮಾಡಿದ. ಕ್ಷಮಿಸಿ, ಬರಲಾಗುವುದಿಲ್ಲ ಎಂದ. ಆ ಕಡೆಯವರು ಕಾರಣ ಕೇಳಿರಬೇಕು. ಅವನು ಹೇರಾನ್ ಕಡೆ ತಿರುಗಿ, ಅವಳ ಕಣ್ಣಿನಿಂದ ಕಣ್ಣು ತೆಗೆಯದೆ ಹೇಳಿದ:

"ಮದುವೆ ಮಾತುಕತೆ ನಡೀತಿದೆ ಸಾರ್."

ಅವನು ಫೋನ್ ಕೆಳಗಿಡುವವರೆಗೂ ಹೇರಾನ್ ಉಸಿರು ಬಿಡಲಿಲ್ಲ.

"ಮದುವೆ ಅಂತ ಇನ್ನೂ ಯಾರೂ ಅಂದಿಲ್ಲವಲ್ಲ."

"ನಿಮ್ಮ ಬಸ್ಸಿಗೆ ಇನ್ನೂ ಮೂರು ಗಂಟೆ ಇದೆ," ಎಂದ ಮಾನ್‌ಹೋ. "ನಿಧಾನಕ್ಕೆ ಅನ್ನಿ."