ವಾರಕ್ಕೊಮ್ಮೆ ಕೆಡುವ ಎ.ಸಿ.

"ನೀವೂ ಬಾನೆಟ್ ಎತ್ತೋಕೇ ದುಡ್ಡು ಕೇಳೋರಾ?"

ಆ ಗ್ಯಾರೇಜಿನಲ್ಲಿ ಅವಳು ಆಡಿದ ಮೊದಲ ಮಾತೇ ಇದು. ನಮಸ್ಕಾರ ಇಲ್ಲ, ಗಿಮಸ್ಕಾರ ಇಲ್ಲ!

ಮೆಕ್ಯಾನಿಕ್ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. 'ಅಯ್ಯೋ, ಇವನೊಬ್ಬ ಪೆದ್ದ!' ಅಂದುಕೊಂಡಳು.

ಮನೆಯಲ್ಲೇ ಕೇಕ್ ಮಾಡಿ, ತನ್ನ ಹಳೇ ಕಾರಿನಲ್ಲಿ ಹೋಟೆಲಿಗೆ ತಲುಪಿಸುವುದು ಅವಳ ಕೆಲಸ. ಎ.ಸಿ. ಕೆಟ್ಟರೆ ದಾರಿಯಲ್ಲೇ ಕ್ರೀಮ್ ಕರಗಿ ನೀರು. ದೊಡ್ಡ ಗ್ಯಾರೇಜಿನವರು ಎಲ್ಲಾ ಹೊಸದು ಹಾಕಬೇಕು ಅಂದಿದ್ದರು. ಆ ರೇಟು ಕೇಳಿ ಕಾರನ್ನೇ ಮಾರಿಬಿಡೋಣ ಅನ್ನಿಸಿತ್ತು.

"ಕಡಿಮೆಯಲ್ಲಿ ಆಗುತ್ತಾ?"

"ಗ್ಯಾಸ್ ಖಾಲಿಯಾಗಿದೆ, ಅಷ್ಟೇ. ತುಂಬಿಸ್ತೀನಿ. ಮತ್ತೆ ಕಮ್ಮಿಯಾದ್ರೆ ಬನ್ನಿ, ಪುಕ್ಕಟೆ."

ವಾರದಲ್ಲೇ ಕಮ್ಮಿಯಾಯಿತು. ಬಂದಳು, ಬೈದಳು. ಅವನು ನಗುನಗುತ್ತಾ ತುಂಬಿಸಿದ. ಮುಂದಿನ ವಾರ ಮತ್ತೆ ಬಂದಳು, ಮತ್ತೆ ಬೈದಳು... ಬೈಸಿಕೊಳ್ಳೋಕೆ ಸ್ಟೂಲ್ ಒರೆಸಿ, ಫ್ಯಾನ್ ತಿರುಗಿಸಿ ಕಾಯುವ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಇವಳೇನು ಕಮ್ಮಿಯೇ? ಬೈಯೋಕೆ ಹೋಗುವವಳಿಗೆ ಲಿಪ್‌ಸ್ಟಿಕ್ ಯಾಕೆ, ಹೇಳಿ!

ಒಂದು ಮಧ್ಯಾಹ್ನ ಹೋಟೆಲ್ ಮಾಲೀಕ ಕೇಕಿನ ಮುಚ್ಚಳ ತೆಗೆದು ಮುಖ ಸಿಂಡರಿಸಿದ. "ನಾಳೆಯಿಂದ ತರಬೇಡಮ್ಮಾ."

ಅವಳ, ಅವಳಮ್ಮನ ಊಟ ನಡೆಯುತ್ತಿದ್ದದ್ದೇ ಆ ಹೋಟೆಲಿನಿಂದ. ಕರಗಿದ ಕೇಕನ್ನು ತಂದು ಮೆಕ್ಯಾನಿಕ್ ಮುಂದೆ ಕುಕ್ಕಿದಳು.

"ತಿನ್ನು! ಹೋಟೆಲಿನವರು ಇನ್ನು ತರಬೇಡ ಅಂದ್ರು. ಕೆಲಸ ಬರದವನಿಗೆ ಗ್ಯಾರೇಜ್ ಯಾಕೆ? ಬಾಗಿಲು ಹಾಕ್ಕೊಂಡು ಹೋಗು!"

ಎಲ್ಲಾ ಬೈಗುಳ ನುಂಗಿದ್ದವನಿಗೆ ಇದೊಂದು ಗಂಟಲಲ್ಲಿ ಇಳಿಯಲಿಲ್ಲ.

"ಕೆಲಸ ಬರುತ್ತೆ. ಪೈಪ್ ಜಾಯಿಂಟಿನ ರಬ್ಬರ್ ರಿಂಗ್ ಸವೆದು ಗ್ಯಾಸ್ ಸೋರ್ತಿದೆ. ಮೊದಲ ದಿನವೇ ನೋಡಿದ್ದೆ. ಬೇಕಂತಲೇ ಬದಲಾಯಿಸಲಿಲ್ಲ."

"ಯಾಕೆ?"

"ಬದಲಾಯಿಸಿದ್ರೆ... ನೀವು ಮತ್ತೆ ಬರ್ತಿರಲಿಲ್ಲ."

ಥೂ! ಇದೂ ಒಂದು ಪ್ರೀತಿನಾ?

"ನಿನ್ನ ಆಸೆಗೆ ನನ್ನ ಅನ್ನ ಕಿತ್ಕೊಂಡ್ಯಲ್ಲೋ! ನೀನು ನಿಜವಾಗ್ಲೂ ಪೆದ್ದನಾಗಿದ್ದಿದ್ರೆ ಕ್ಷಮಿಸಿಬಿಡ್ತಿದ್ದೆ."

ಅವನು ತಲೆ ತಗ್ಗಿಸಿ ರಿಂಗ್ ಹಾಕಿ, ಗ್ಯಾಸ್ ತುಂಬಿಸಿದ. ಕಾರು ತಣ್ಣಗಾಯಿತು. ಅವಳು ದಾರಿಯುದ್ದಕ್ಕೂ ಅತ್ತಳು. ಹೋಟೆಲ್ ಕೈತಪ್ಪಿತೆಂದೋ, ಇನ್ನು ಆ ಗ್ಯಾರೇಜಿಗೆ ಹೋಗುವಂತಿಲ್ಲವೆಂದೋ? ಎರಡಕ್ಕೂ!

ಮರುದಿನ ಹೋಟೆಲ್ ಮಾಲೀಕನ ಫೋನು.

"ಕೇಕ್ ತಂದುಕೊಡಮ್ಮಾ. ಆ ಮೆಕ್ಯಾನಿಕ್ ಬಂದಿದ್ದ. 'ಅವರ ತಪ್ಪಿಲ್ಲ, ನಾನೇ ಬೇಕಂತ ಗಾಡಿ ಸರಿಮಾಡಲಿಲ್ಲ' ಅಂತ ಎಲ್ಲರೆದುರೇ ಒಪ್ಪಿಕೊಂಡ. ನಮ್ಮ ಹೋಟೆಲ್ ಗಾಡಿಗಳೆಲ್ಲಾ ಅವನ ಹತ್ರಾನೇ ಹೋಗ್ತಿದ್ವು. ಇನ್ನು ಕಳಿಸಲ್ಲ. ಅಂಥವನನ್ನ ನಂಬೋದು ಹೇಗೆ?"

'ಹೀಗೆ ಹೇಳಿದ್ರೆ ಇರೋ ಗಿರಾಕಿನೂ ಹೋಗ್ತಾರೆ ಅಂತ ಗೊತ್ತಿದ್ದೂ ಹೇಳಿದ್ನಾ?' ಫೋನಿಟ್ಟವಳೇ ಕಾರು ಹತ್ತಿದಳು.

ಗ್ಯಾರೇಜಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಅವಳನ್ನು ಕಂಡು ಅವನು ಗಾಬರಿಯಿಂದ ಎದ್ದ.

"ಮತ್ತೆ ಕೆಟ್ಟೋಯ್ತಾ?"

"ಇಲ್ಲ. ಚೆನ್ನಾಗಿದೆ."

"ಮತ್ತೆ...?"

"ಬರೋಕೆ ನೆಪ ಹುಡುಕೋ ಹೇಡಿ ಅಲ್ಲ ನಾನು. ನಿನ್ನನ್ನ ನೋಡೋಕೆ ಬಂದೆ!"

ಅವನ ಕಣ್ಣು ತುಂಬಿತು. "ಕ್ಷಮಿಸಿದ್ರಾ?"

"ಇನ್ನೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಬೈದು ತೀರಿಸ್ಕೋತೀನಿ."

"ಎಲ್ಲಿವರೆಗೂ?"

"ಮೊದಲು ಮುಖ ತೊಳ್ಕೊಂಡು ಬಾ," ಅಂದಳು. "ಅಮ್ಮನ ಮುಂದೆ ಹೀಗೇ ನಿಲ್ತೀಯಾ?"