ಒಂದು ಮೊರ ತೌಡಿಗೆ ಬಂದ ತಿಪ್ಪಮ್ಮ

"ತಿಪ್ಪಮ್ಮಾ!"

ಶಿರಾ ಬಸ್ಸಿನ ಕಂಡಕ್ಟರ್ ಕೂಗಿದ ಕೂಗಿಗೆ ಮಧುಗಿರಿ ಬೆಟ್ಟವೇ ಬೆಚ್ಚಿಬಿದ್ದಿರಬೇಕು!

ಫ್ರೀ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ಚಾಚಿದ್ದವಳು ತಲೆ ಎತ್ತಿದಳು. ಅಂಜನ್! ಅದೇ ಓರೆ ನಗು... ಪುರವರದ ಹೈಸ್ಕೂಲಿಗೆ ಜೇಬಿನ ತುಂಬ ಹುರಿದ ಕಡಲೆಕಾಯಿ ತಂದು, ಅವಳಿಗೆ ಅರ್ಧ ಎತ್ತಿಡುತ್ತಿದ್ದ ಅಂಜನ್ ಕುಮಾರ್!

ಬಡವನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅವಳನ್ನು ಎಲ್ಲರೂ ಕರೆಯುವುದು ಶ್ರೀಲತಾ ಎಂದು. ಹಳೆಯ ಹೆಸರು ಉಳಿದಿದ್ದು ಕಾರ್ಡಿನಲ್ಲಿ ಮಾತ್ರ.

"ಅಯ್ಯೋ, ನನ್ನ ಬ್ಲೌಸ್ ಹೊಲಿದ ಟೈಲರ್ ಅಂಗಡಿ ಶ್ರೀಲತಾ ತಿಪ್ಪಮ್ಮನಾ!" ಪಕ್ಕದ ಸೀಟಿನ ರಾಜಲಕ್ಷ್ಮಮ್ಮ ಬಾಯಿ ಬಿಟ್ಟಳು.

ಬಸ್ಸಿಗೆ ಬಸ್ಸೇ ನಕ್ಕಿತು. ಅವಳ ಮುಖದ ಕೆಂಡದಲ್ಲಿ ಹತ್ತು ಮನೆಯ ರಾಗಿರೊಟ್ಟಿ ಬೇಯಿಸಬಹುದಿತ್ತು!

ಬಡವನಹಳ್ಳಿಯಲ್ಲಿ ಇಳಿದು ದಡದಡ ನಡೆದಳು. ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಂಜನ್ ಹಿಂದೆಯೇ ಓಡಿ ಬಂದ.

"ನಿಂತ್ಕೊಳೇ! ಕಾಲೇಜ್ ಮುಗಿದ ದಿನ ಕಟ್ಕೊಂತೀಯಾ ಅಂತ ಕೇಳಿದ್ದೆ. ಉತ್ರ ಹೇಳ್ದೆ ಊರೇ ಬುಟ್ಟು ಬಂದ್ಬುಟ್ಟೆ. ಎಂಟು ವರ್ಷ ಆಯ್ತು ಕಣೇ!"

"ಹೆಂಗೆ ಹೇಳ್ಲಿ? ನನ್ನ ಹೆಸರಿನ ಕಥೆ ಗೊತ್ತಾ ನಿಂಗೆ? ನಂಗಿಂತ ಮುಂಚೆ ಹುಟ್ಟಿದ ಮೂರೂ ಮಕ್ಕಳು ಸತ್ವು. ನಾನಾದ್ರೂ ಉಳೀಲಿ ಅಂತ ತಿಪ್ಪೆ ಮೇಲೆ ಮಲಗ್ಸಿ, ತಿಪ್ಪಮ್ಮ ಅಂದ್ರು. ಅಲ್ಲಿಂದ ಎತ್ಕೊಂಡಿದ್ದು ನಿಮ್ಮಮ್ಮ! ಎತ್ಕೊಂಡೋಳು ತಾಯಿ ಆಗಲ್ವಾ? ನೀನು ನಂಗೆ ಅಣ್ಣ ಆಗ್ಬೇಕು ಅಂಜನ್..."

'ಎಂಟು ವರ್ಷ ನುಂಗಿಕೊಂಡಿದ್ದ ಮಾತು... ಇವನ ಮುಂದೆಯೇ ಆಡಬೇಕಾಯಿತಲ್ಲ!'

ಅಂಜನ್ ಜೇಬಿನಿಂದ ಮೊಬೈಲ್ ತೆಗೆದ. ತಾಯಿ ದಾಸಮ್ಮನಿಗೆ ಫೋನ್ ಮಾಡಿ, ಎಲ್ಲ ಹೇಳಿ, ಸ್ಪೀಕರ್ ಹಾಕಿದ.

"ಹುಚ್ಚು ಮುಂಡೇದೇ! ನಿಮ್ಮವ್ವ ಅಲ್ಲೇ ನಂಗೆ ಒಂದು ಮೊರ ತೌಡು ಕೊಟ್ಟು ನಿನ್ನ ಕೊಂಡ್ಕೊಂಡ್ಲು. ಶಾಸ್ತ್ರ ಅಲ್ಲಿಗೆ ಮುಗೀತು. ಆ ತೌಡು ತಿಂದು ನಮ್ಮೆಮ್ಮೆ ಕೊಡಗಟ್ಲೆ ಹಾಲು ಕೊಡ್ತು! ಇನ್ನೆಲ್ಲಿ ನೀನು ನನ್ನ ಮಗಳು?"

"ಅವ್ವ... ನನ್ನ ಕೊಂಡ್ಕೊಂಡ್ಲಾ?"

"ಹೂಂ ಕಣಮ್ಮ. ಹಸಿ ಬಾಣಂತಿ, ನಿಂತ್ಕೊಳ್ಳೋಕೂ ತ್ರಾಣ ಇಲ್ಲ. ಎರಡೂ ಕೈಲಿ ಮೊರ ಹಿಡ್ಕೊಂಡು, 'ಕೊಡೇ ದಾಸಮ್ಮ, ನನ್ನ ಕೂಸು ಕೊಡೇ' ಅಂತಿದ್ಲು. ಸಾವು ನಿನ್ನ ಕಸ ಅಂದ್ಕೊಂಡು ಬುಟ್ಟು ಹೋಗ್ಲಿ ಅಂತ ಇಟ್ಟ ಹೆಸರು ಅದು."

ಅವಳು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಳು. ತೀರಿಹೋದ ಅವ್ವನ ಕೈ ತಲೆ ಸವರಿದಂತಾಯಿತು. ಅತ್ತ ಅಳುವಿಗೆ ಶಿರಾ ಕೆರೆ ಕೋಡಿ ಬೀಳಬೇಕಿತ್ತು!

ಡ್ರೈವರ್ ಪೆದ್ದಣ್ಣ ಹಾರ್ನ್ ಒತ್ತಿದ. "ಲೇ ಅಂಜನಾ, ಟಿಕೆಟ್ಟೂ ನಾನೇ ಹರೀಲೇನ್ಲಾ?"

"ಬಂದೆ ಕಣಣ್ಣ!" ಅಂದವನು ಅವಳ ಕಡೆ ತಿರುಗಿದ. "ಅವತ್ತು ಕೇಳಿದ್ನಲ್ಲ... ಮತ್ತೆ ಕೇಳ್ಲಾ ಶ್ರೀಲತಾ?"

"ಅವ್ವ ಇಟ್ಟ ಹೆಸರು ಹಿಡಿದು ಕೇಳು."

"ತಿಪ್ಪಮ್ಮ... ನನ್ನ ಕಟ್ಕೊಂತೀಯಾ?"

"ಹೂಂ... ಬಸ್ ತಿರುಗಿ ಬರೋಗಂಟ ಇಲ್ಲೇ ಕೂತಿರ್ತೀನಿ."

"ಬಿಸಿಲು ಕಣೇ. ಅಂಗಡೀಲಿ ಇರು... ನಾನೇ ಬರ್ತೀನಿ."